ಪಟ್ಟಿಗೆ ಬಾರದ ‘ಬೆಸಾಂವ್’

ಇಂಗ್ಲೆಂಡಿನಿಂದ ಬಂದ ಥಾಮಸ್ ಸ್ಟೀಫನ್ಸ್ ಬರೆದ ಕೊಂಕಣಿ ವ್ಯಾಕರಣ 1640ರಲ್ಲಿ ಇಲ್ಲೇ ರಾಶೋಲ್‌ನಲ್ಲಿ ಅಚ್ಚಾಯಿತು. ಗೋವಾದಲ್ಲೇ ಇರುವ ಕನ್ನಡಿಗರು ನಾವು, ಚರ್ಚಿನ ನಾಲ್ಕು ಕೊಂಕಣಿ ಪದಗಳನ್ನಾದರೂ ಕಲಿಯಬೇಡವೇ? ಪಕ್ಕದ ಮನೆಯ ಆಂಟಿ ಹೇಳಿಕೊಟ್ಟ ಪದಗಳಿಗೆ ಅರ್ಥ ಬರೆದು, ನಮ್ಮ ಯುವಕರ ಲೇಖನಗಳ ಪುಸ್ತಿಕೆಯ ಕೊನೆಗೆ ಲೇಟೆಕ್‌ನಲ್ಲಿ ಪದಪಟ್ಟಿ ಮಾಡಲು ಕುಳಿತೆ.

ಮೊದಲ ಸಲ ಪಟ್ಟಿಯೇ ಬರಲಿಲ್ಲ. ‘ಮೇಕ್‌ಗ್ಲಾಸರೀಸ್’ ಓಡಿಸಿ ಮತ್ತೆ ಕಂಪೈಲ್ ಮಾಡಿದೆ. ತೇರ್ಸ್, ಫೆಸ್ತ್, ಖುರೀಸ್ ಬಂದವು. ಬೆಸಾಂವ್, ಅಂದರೆ ಹಿರಿಯರ ಆಶೀರ್ವಾದ, ಮಾತ್ರ ಇಲ್ಲ! ಅರ್ಥ ಬರೆದಿಟ್ಟರೆ ಸಾಲದು, ಲೇಖನದೊಳಗೆ ಆ ಪದವನ್ನು ಬಳಸಿ ಗುರುತು ಹಾಕಿರಬೇಕು. ನಮ್ಮಲ್ಲಿ ಒಬ್ಬರೂ ಬಳಸಿರಲಿಲ್ಲ.

ಎಲ್ಲ ಪದಗಳನ್ನೂ ಒಮ್ಮೆಗೇ ಸೇರಿಸುವ ಆದೇಶವೂ ಲೇಟೆಕ್‌ನಲ್ಲಿದೆ. ಯಾಕೋ ಹಾಕಲು ಮನಸ್ಸಾಗಲಿಲ್ಲ. ಅಂದು ಸಂಜೆ ತೇರ್ಸ್ ಮುಗಿದ ಮೇಲೆ ಆಂಟಿಯ ಮುಂದೆ ಕೈಮುಗಿದು ನಿಂತೆ. ಅದನ್ನೇ ನನ್ನ ಲೇಖನಕ್ಕೆ ಒಂದು ಸಾಲಾಗಿ ಸೇರಿಸಿದೆ.