ಹದಿನೇಳರಿಂದ ಹದಿನೈದಕ್ಕೆ

ಬಲಗೈಯಲ್ಲಿ ಮಗನ ಬೆರಳು, ಎಡಹೆಗಲಿನಲ್ಲಿ ಎರಡು ಚೀಲ, ಸೊಂಟಕ್ಕೆ ಬಿಗಿದ ಪೌಚಿನಲ್ಲಿ ಐವರ ಪಾಸ್‌ಪೋರ್ಟು. ಟೋಕಿಯೋದ ಶಿಂಜುಕು ನಿಲ್ದಾಣದಲ್ಲಿ ಸಂಜೆ ಆರು ಗಂಟೆ. ಬೆಂಗಳೂರಿನಲ್ಲಿ ಈಗ ಮಧ್ಯಾಹ್ನ ಎರಡೂವರೆ. ನಿಮ್ಮ ಹೊಟ್ಟೆ ಇನ್ನೂ ಆ ಗಡಿಯಾರವನ್ನೇ ನಂಬಿಕೊಂಡಿದೆ. ಹೊರಗೆ ನವೆಂಬರಿನ ಮಳೆ. ನೆನೆದ ಉಣ್ಣೆಯ ಕೋಟುಗಳ ವಾಸನೆ ಮೂಗಿಗೆ ಅಡರುತ್ತಿದೆ, ಅದರ ನಡುವೆ ಎಲ್ಲಿಂದಲೋ ಒಣಮೀನಿನ ಸಾರಿನ ಹಬೆ. ಆ ವಾಸನೆ ಬಂದಾಗಲೆಲ್ಲ ಅಮ್ಮ ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಾರೆ. ಬರೀ ತರಕಾರಿ ತೇಲುವ ಸಾರನ್ನೂ ಇಲ್ಲಿ ಬಹುಮಟ್ಟಿಗೆ ಮೀನಿನ ಚೂರು ಕುದಿಸಿದ ನೀರಲ್ಲೇ ಮಾಡುತ್ತಾರೆ ಎಂದು ತಿಳಿದ ಮೇಲೆ ಅವರು ನಂಬುವುದು ಎರಡನ್ನೇ: ಬಾಳೆಹಣ್ಣು, ಮತ್ತು ಊರಿನಿಂದ ತಂದ ಕೋಡುಬಳೆಯ ಡಬ್ಬಿ. ಡಬ್ಬಿ ಅವರ ಕಂಕುಳಲ್ಲೇ ಇದೆ.

ಕಿವಿಗೊಟ್ಟು ಕೇಳಿ. ದಿನಕ್ಕೆ ಸುಮಾರು 30 ಲಕ್ಷ ಜನ ಹಾದುಹೋಗುವ ನಿಲ್ದಾಣ ಇದು, ಜಗತ್ತಿನಲ್ಲೇ ಇದರಷ್ಟು ಜನಸಂದಣಿಯದು ಇನ್ನೊಂದಿಲ್ಲ. ಆದರೂ ಮಾತು ಕೇಳಿಸುತ್ತಿಲ್ಲ. ಬೂಟುಗಳ ಸದ್ದು, ಧ್ವನಿವರ್ಧಕದ ಹೆಣ್ಣುದನಿ, ಹಳಿಯ ಕಿರುಗುಟ್ಟುವಿಕೆ, ಅಷ್ಟೆ. ಮೆಜೆಸ್ಟಿಕ್‌ನಲ್ಲಿ ಇದರ ಒಂದು ಮೂಲೆಯಷ್ಟು ಜನ ಸೇರಿದರೂ ಯಾರಾದರೂ ಯಾರನ್ನಾದರೂ ಕೂಗುತ್ತಲೇ ಇರುತ್ತಾರೆ. ಇಲ್ಲಿ ದನಿ ಎತ್ತುವುದಕ್ಕೇ ನಾಚಿಕೆಯಾಗುತ್ತದೆ. ಇನ್ನೊಂದು ನಿಮಿಷದಲ್ಲಿ ಈ ನಾಚಿಕೆಯೇ ನಿಮ್ಮ ಗಂಟಲು ಹಿಡಿಯಲಿದೆ.

ಹಸಿರು ಪಟ್ಟೆಯ ಯಾಮಾನೊತೆ ರೈಲು ಬಂದು ನಿಲ್ಲುತ್ತದೆ. ನಗರದ ನಡುಭಾಗವನ್ನು ಬಳಸಿಕೊಂಡು ಸುತ್ತುವ ಮಾರ್ಗ, 34.5 ಕಿಲೋಮೀಟರು, 30 ನಿಲ್ದಾಣ, ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ನಿಮ್ಮ ಕೋಣೆ ಇರುವುದು ಎರಡು ನಿಲ್ದಾಣ ಆಚೆ, ತಕಾದನೊಬಾಬಾದಲ್ಲಿ. ಇಳಿಯುವವರು ಇಳಿಯುತ್ತಾರೆ. ಸಾಲು ಕದಲುತ್ತದೆ. ಮಗನ ಟೋಪಿ ಬೀಳುತ್ತದೆ, ನೀವು ಬಗ್ಗುತ್ತೀರಿ.

ಎದ್ದು ನಿಲ್ಲುವಷ್ಟರಲ್ಲಿ ಅಮ್ಮ ಒಳಗಿದ್ದಾರೆ.

ಜನ ಅವರನ್ನು ತಳ್ಳಿಲ್ಲ, ಸುಮ್ಮನೆ ಎತ್ತಿಕೊಂಡು ಹೋಗಿದ್ದಾರೆ. ನಿಮಗೂ ಅವರಿಗೂ ನಡುವೆ ಏಳೆಂಟು ಬೆನ್ನು. ‘ಡೋಆ ಗಾ ಶಿಮಾರಿಮಾಸು’ ಎಂದು ಹೆಣ್ಣುದನಿ ಹೇಳುತ್ತದೆ, ಬಾಗಿಲು ಮುಚ್ಚುತ್ತಿದೆ ಎಂದು. ನೀವು ಕೈ ಚಾಚುತ್ತೀರಿ. ಪ್ಲಾಟ್‌ಫಾರ್ಮಿನ ಅಂಚಿನ ಗೇಟು ಮುಚ್ಚುತ್ತದೆ. ರೈಲಿನ ಬಾಗಿಲು ಮುಚ್ಚುತ್ತದೆ. ‘ಅಮ್ಮಾ’ ಎನ್ನಲು ಬಾಯಿ ತೆರೆದರೆ ಹೊರಟದ್ದು ಪಿಸುಮಾತು. ಗಾಜಿನಾಚೆ ಅಮ್ಮ ಅಂಗೈಯನ್ನು ನಿಮ್ಮತ್ತ ಒಡ್ಡಿ ಎರಡು ಸಲ ಆಡಿಸುತ್ತಾರೆ. ಬಾ ಎಂದೋ? ನಿಲ್ಲು ಎಂದೋ? ಅಷ್ಟರಲ್ಲಿ ಆ ಕೈ ಜಾರಿ ಪಕ್ಕಕ್ಕೆ ಹೋಗುತ್ತದೆ. ಹನ್ನೊಂದು ಬೋಗಿಗಳು ಒಂದೊಂದಾಗಿ ಕಣ್ಣೆದುರು ಹಾದು, ಕೊನೆಯ ಬೋಗಿಯ ಕಿಟಕಿಯಿಂದ ಗಾರ್ಡ್ ಹೊರಕ್ಕೆ ತಲೆ ಹಾಕಿ ನೋಡುತ್ತಾನೆ, ರೈಲು ಹೋಗಿಬಿಡುತ್ತದೆ.

ಮೊದಲು ಕಾಲಿನ ಬಲ ಹೋಗುತ್ತದೆ. ಮೊಣಕಾಲಿನ ಹಿಂಭಾಗ ತಣ್ಣಗಾಗಿ, ಆ ತಣ್ಣಗಿನದು ಬೆನ್ನು ಹತ್ತುತ್ತದೆ. ಆಮೇಲೆ ಲೆಕ್ಕ ಶುರುವಾಗುತ್ತದೆ. ಅಮ್ಮನ ಫೋನು? ಚಾರ್ಜಿಗೆಂದು ನಿಮ್ಮ ಚೀಲದ ಪವರ್ ಬ್ಯಾಂಕಿಗೆ ಚುಚ್ಚಿದೆ. ಅಮ್ಮನ ಪಾಸ್‌ಪೋರ್ಟು? ನಿಮ್ಮ ಸೊಂಟದಲ್ಲಿ, ಈ ದೇಶದಲ್ಲಿ ಪರದೇಶದ ಪ್ರವಾಸಿಗರು ಅದನ್ನು ಸದಾ ತಮ್ಮ ಬಳಿಯೇ ಇಟ್ಟುಕೊಂಡಿರಬೇಕೆಂಬುದು ಕಾನೂನು. ಹೋಟೆಲಿನ ಚೀಟಿ? ಅದೂ ನಿಮ್ಮ ಬಳಿ. ಎಲ್ಲವೂ ಭದ್ರವಾಗಿರಲಿ ಎಂದು ಎಲ್ಲರದ್ದನ್ನೂ ನೀವೇ ಕಟ್ಟಿಕೊಂಡಿದ್ದೀರಿ. ಅಮ್ಮನಲ್ಲಿರುವುದು ಗೇಟಿಗೆ ತಾಗಿಸುವ ಸುಯಿಕಾ ಕಾರ್ಡು, ಮತ್ತು ಕೋಡುಬಳೆ.

ಮಗಳು ಆಗಲೇ ಓಡಿದ್ದಾಳೆ. ಹದಿನಾಲ್ಕರ ಹುಡುಗಿ, ಮನೆಯಲ್ಲಿ ಬಾಗಿಲು ಹಾಕಿಕೊಂಡು ಆನಿಮೆ ನೋಡುತ್ತಾಳೆಂದು ನೀವು ಬೈದದ್ದಕ್ಕೆ ಲೆಕ್ಕವಿಲ್ಲ. ಈಗ ಬಿಳಿ ಕೈಗವಸಿನ ಸಿಬ್ಬಂದಿಯೊಬ್ಬನ ಮುಂದೆ ತಲೆ ಬಗ್ಗಿಸಿ ‘ಸುಮಿಮಾಸೆನ್’ ಎನ್ನುತ್ತಿದ್ದಾಳೆ, ‘ಒಬಾಆಸಾನ್’ ಎನ್ನುತ್ತಿದ್ದಾಳೆ, ರೈಲು ಹೋದ ದಿಕ್ಕಿಗೆ ಕೈ ತೋರಿಸುತ್ತಿದ್ದಾಳೆ. ಅಜ್ಜಿ ಎಂಬ ಶಬ್ದಕ್ಕೆ ಆತನ ಮುಖವೇ ಬದಲಾಗುತ್ತದೆ. ಕಿಸೆಯಿಂದ ಸಣ್ಣ ಪುಸ್ತಕ ಹೊರಬರುತ್ತದೆ. ಆತನ ಪ್ರಶ್ನೆಯನ್ನು ಮಗಳು ನಿಮ್ಮತ್ತ ತಿರುಗಿಸುತ್ತಾಳೆ: ‘ಅಪ್ಪಾ, ಅಜ್ಜಿ ಯಾವ ಬಣ್ಣದ್ದು ಉಟ್ಟಿದಾರೆ ಅಂತೆ?’

ನಿಮಗೆ ಗೊತ್ತಿಲ್ಲ.

ಬೆಳಿಗ್ಗೆಯಿಂದ ಜೊತೆಗಿದ್ದೀರಿ. ಮೆಟ್ಟಿಲಲ್ಲಿ ತೋಳು ಹಿಡಿದಿದ್ದೀರಿ, ಮೇಜಿ ಗುಡಿಯ ಮುಂದೆ ಅವರ ಫೋಟೋವನ್ನೂ ತೆಗೆದಿದ್ದೀರಿ. ಕಣ್ಣು ಮುಚ್ಚಿದರೆ ಅಮ್ಮ ಎಂಬ ಒಂದು ಆಕಾರ ಕಾಣುತ್ತದೆ, ಬಣ್ಣ ಕಾಣುವುದಿಲ್ಲ. ‘ಎಲೆಹಸಿರು ಸೀರೆ,’ ಎನ್ನುತ್ತಾಳೆ ನಿಮ್ಮ ಹೆಂಡತಿ, ಒಂದು ಕ್ಷಣವೂ ತಡೆಯದೆ. ‘ಮೇಲೆ ಮರೂನ್ ಸ್ವೆಟರು. ಬಿಳಿ ಶೂ, ಎಡಗಾಲಿನದು ಸಡಿಲ ಕಟ್ಟಿರ್ತಾರೆ, ಹೆಬ್ಬೆರಳು ನೋವು ಅಂತ.’ ಮಗಳು ಗೊತ್ತಿದ್ದಷ್ಟು ಶಬ್ದಗಳಲ್ಲಿ ಅದನ್ನು ದಾಟಿಸುತ್ತಾಳೆ. ಆತ ಬರೆದುಕೊಂಡು ಫೋನೆತ್ತುತ್ತಾನೆ.

ಈಗ ನೀವು ಆರಿಸಬೇಕು. ಮೂರ್ನಾಲ್ಕು ನಿಮಿಷಕ್ಕೊಂದು ರೈಲು. ಮುಂದಿನದನ್ನು ಹತ್ತಿದಿರಿ ಎನ್ನಿ, ಅಮ್ಮ ಮೊದಲ ನಿಲ್ದಾಣದಲ್ಲೇ ಇಳಿದು ಹಿಂದಕ್ಕೆ ಬರುವ ರೈಲು ಹತ್ತಿದರೆ ನೀವಿಬ್ಬರೂ ಎದುರುಬದುರಾಗಿ ಹಾದುಹೋಗುತ್ತೀರಿ. ಇಲ್ಲೇ ನಿಂತಿರಿ ಎನ್ನಿ, ಅವರು ಮುಂದೆಲ್ಲೋ ಕಾಯುತ್ತಿದ್ದರೆ? ಅಲ್ಲದೆ ಅವರು ಹಿಂದಕ್ಕೆ ಬಂದರೂ ಬಂದಿಳಿಯುವುದು ಬೇರೆ ಪ್ಲಾಟ್‌ಫಾರ್ಮಿಗೆ. ಈ ನಿಲ್ದಾಣಕ್ಕೆ 200ಕ್ಕೂ ಹೆಚ್ಚು ದ್ವಾರಗಳಿವೆ. ಒಂದರಿಂದ ಹೊರಬಿದ್ದರೆ ಮುಗಿಯಿತು.

‘ಪಕ್ಕದ ಸ್ಟಾಪಿನಲ್ಲೇ ಗಾಬರಿಯಾಗಿ ಇಳಿದಿರ್ತಾರೆ,’ ಎನ್ನುತ್ತೀರಿ.

‘ಇಳಿಯೋರಲ್ಲ ರೀ. ಗೊತ್ತಿಲ್ಲದ ಕಡೆ ಅತ್ತೆ ಕಾಲಿಡಲ್ಲ. ಧರ್ಮಸ್ಥಳದ ಲಕ್ಷದೀಪದಲ್ಲಿ ಕೈತಪ್ಪಿದಾಗ ಎಲ್ಲಿ ಸಿಕ್ಕರು? ಚಪ್ಪಲಿ ಬಿಟ್ಟ ಜಾಗದಲ್ಲಿ.’

‘ಯಾವಾಗ?’

‘ನೀವು ಬಂದಿರಲಿಲ್ಲ.’

ಊರಿನಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಅಲ್ಲಿ ಮನೆಯೇ ಎಲ್ಲರ ಪರವಾಗಿ ಯೋಚಿಸುತ್ತದೆ: ಹಾಲು ಎಷ್ಟು ಗಂಟೆಗೆ, ಔಷಧಿ ಯಾವ ಡಬ್ಬಿಯಲ್ಲಿ, ಬಿಲ್ಲು ಕಟ್ಟುವವರು ಯಾರು. ಒಬ್ಬರ ತಲೆಯೊಳಗೆ ಇನ್ನೊಬ್ಬರು ಹೊಕ್ಕು ನೋಡಬೇಕಾದ ಅಗತ್ಯವಿಲ್ಲದೆ ವರ್ಷಗಳು ಉರುಳಬಹುದು, ಉರುಳಿವೆ. ಇಲ್ಲಿ ಮನೆ ಇಲ್ಲ. ಗೋಡೆ, ಅಕ್ಕಪಕ್ಕದವರು, ಭಾಷೆ ಯಾವುದೂ ಇಲ್ಲ. ಅಮ್ಮನ ಹಾಗೆ ಯೋಚಿಸಲು ಬಂದರೆ ಅಮ್ಮ ಸಿಗುತ್ತಾರೆ.

‘ಅಜ್ಜಿಗೆ ನಂಬರ್ ಗೊತ್ತಪ್ಪ,’ ಎನ್ನುತ್ತಾಳೆ ಮಗಳು. ‘ಇದು ಹದಿನೇಳು. ಆಮೇಲೆ ಹದಿನಾರು, ಹದಿನೈದು ನಮ್ಮದು. ಹಾಡೂ ಗೊತ್ತು.’

ಯಾವ ಹಾಡು?

ಆಕೆ ನಿಮ್ಮನ್ನು ನೋಡುವ ನೋಟದಲ್ಲಿ ಕನಿಕರವಿದೆ. ಇಲ್ಲಿ ರೈಲು ಹೊರಡುವ ಮೊದಲು ನಿಲ್ದಾಣದಲ್ಲಿ ಪುಟ್ಟದೊಂದು ರಾಗ ನುಡಿಸುತ್ತಾರೆ. ತಕಾದನೊಬಾಬಾದಲ್ಲಿ ನುಡಿಸುವುದು ‘ಆಸ್ಟ್ರೋ ಬಾಯ್’ ಹಾಡಿನ ಧಾಟಿ. ತೆಜುಕಾ ಒಸಾಮು ಬರೆದ ಆ ರೋಬೋ ಹುಡುಗ ಕಥೆಯ ಪ್ರಕಾರ 2003ರ ಏಪ್ರಿಲ್ 7ರಂದು ಹುಟ್ಟಿದ್ದು ಅದೇ ಬಡಾವಣೆಯಲ್ಲಿ. ಅಜ್ಜಿಗೆ ಅದಾವುದೂ ತಿಳಿಯದು. ಆದರೆ ಬಂದ ಮರುದಿನವೇ ‘ನಮ್ಮ ಸ್ಟೇಷನ್ನಿನ ಹಾಡು ಕುಣಿಯೋ ಹಾಗಿದೆ ಕಣೇ’ ಎಂದು ಮೊಮ್ಮಗಳಿಗೆ ಗುನುಗಿ ತೋರಿಸಿದ್ದರಂತೆ. ಆಗ ನೀವು ನಕ್ಷೆ ನೋಡುತ್ತಿದ್ದಿರಿ.

ಇಂಟರ್ನೆಟ್ಟಿಗೆ ಬಾಡಿಗೆಯ ಪಾಕೆಟ್ ವೈಫೈ ಒಂದೇ. ಇಬ್ಬರು ಹೋಗಿ ಇಬ್ಬರು ನಿಂತರೆ, ನಿಂತವರಿಗೆ ಫೋನಿದ್ದೂ ಇಲ್ಲದ ಹಾಗೆ. ಒಬ್ಬರು ಕಳೆದಾಗಲೇ ಮನೆಯನ್ನು ಇನ್ನೂ ಎರಡಾಗಿ ಒಡೆಯಬೇಕೆ? ಹೊಟ್ಟೆಯೊಳಗೆ ಏನೋ ತಿರುಚುತ್ತದೆ. ‘ನೀವು ಹೋಗಿ,’ ಎನ್ನುತ್ತಾಳೆ ಹೆಂಡತಿ, ಮಗನ ಭುಜ ಹಿಡಿದು. ‘ಈ ಗೆರೆ ಬಿಟ್ಟು ನಾವು ಕದಲಲ್ಲ. ರಾತ್ರಿಯಾದರೂ ಸರಿ.’ ಅಷ್ಟರಲ್ಲಿ ರೈಲು ಬಂದಿದೆ.

ಒಳಗೆ ಬಿಸಿ. ಕಿವಿಯಲ್ಲಿ ನಿಮ್ಮದೇ ನಾಡಿ. ಬಾಗಿಲ ಮೇಲಿನ ಪರದೆಯಲ್ಲಿ 16 ಎಂಬ ಅಂಕಿ ಹೊಳೆಯುತ್ತದೆ. ಈ ಅಂಕಿಗಳು ಇಲ್ಲಿಗೆ ಬಂದದ್ದು 2016ರಲ್ಲಿ, ಲಿಪಿ ಬಾರದವರಿಗಾಗಿ. ಬಸ್ಸಿನ ನಂಬರು ನೋಡಿಯೇ ಅರ್ಧ ಬೆಂಗಳೂರು ಸುತ್ತಿದವರು ಅಮ್ಮ ಎಂಬುದು ಈಗ ನೆನಪಾಗುತ್ತಿದೆ.

ಶಿನ್-ಓಕುಬೊ. ಬಾಗಿಲು ತೆರೆಯುತ್ತದೆ.

ತಲೆ ಹೊರಗೆ ಹಾಕುತ್ತೀರಿ. ಕಪ್ಪು ಕೋಟು, ಬೂದು ಕೋಟು, ಶಾಲಾ ಹುಡುಗಿಯರು, ಕೊಡೆಗಳು. 2001ರ ಜನವರಿಯಲ್ಲಿ ಈ ನಿಲ್ದಾಣದಲ್ಲೇ ಹಳಿಗೆ ಬಿದ್ದವನೊಬ್ಬನನ್ನು ಎತ್ತಲು ಇಬ್ಬರು ಕೆಳಗೆ ಧುಮುಕಿದರು. ಒಬ್ಬ ಕೊರಿಯಾದಿಂದ ಓದಲು ಬಂದಿದ್ದ ಲೀ ಸು-ಹ್ಯೋನ್, ಇನ್ನೊಬ್ಬರು ಛಾಯಾಗ್ರಾಹಕ. ಮೂವರೂ ಉಳಿಯಲಿಲ್ಲ. ಎಂದೋ ಓದಿದ್ದು ನೆನಪಾಗುವುದಕ್ಕೆ ಇದಕ್ಕಿಂತ ಕೆಟ್ಟ ಹೊತ್ತು ಬೇಕೆ? ಹಸಿರು ಎಲ್ಲಿ? ಮರೂನ್ ಎಲ್ಲಿ? ಕಂಬದ ಹಿಂದೆ ಯಾರೋ ಕುಳಿತಿದ್ದಾರೆ. ಗಿಡ್ಡ. ಮುದುಕಿ. ಅವರೇ? ರಾಗ ಶುರುವಾಗುತ್ತದೆ. ಒಂದು ಕಾಲು ಹೊರಗಿಡುತ್ತೀರಿ. ಅವರೇ ಇರಬೇಕು. ‘ಅಪ್ಪ, ಬೇಡ!’ ರಾಗ ಮುಗಿಯುತ್ತಿದೆ. ಆ ಮುದುಕಿ ಈ ಕಡೆ ತಿರುಗುವುದಿಲ್ಲ. ‘ಅಮ್ಮಾ!’ ಈ ಸಲ ದನಿ ಬಂದಿದೆ, ಇಡೀ ಬೋಗಿ ತಿರುಗಿ ನೋಡುತ್ತದೆ, ಮುದುಕಿ ತಿರುಗುವುದಿಲ್ಲ, ಮಗಳು ಎರಡೂ ಕೈಯಲ್ಲಿ ನಿಮ್ಮ ಜಾಕೆಟ್ಟು ಹಿಡಿದು ಎಳೆಯುತ್ತಾಳೆ, ಬಾಗಿಲು ಮುಚ್ಚುತ್ತದೆ.

ನೀವು ಒಳಗಿದ್ದೀರಿ. ಹದಿನಾಲ್ಕು ವರ್ಷದವಳ ಮಾತು ನಂಬಿ ಒಂದು ನಿಲ್ದಾಣ ಬಿಟ್ಟುಬಿಟ್ಟಿದ್ದೀರಿ. ಆಕೆಯ ಕೈ ಇನ್ನೂ ಜಾಕೆಟ್ಟು ಬಿಟ್ಟಿಲ್ಲ. ಅದು ನಡುಗುತ್ತಿರುವುದು ಬಟ್ಟೆಯ ಮೂಲಕ ನಿಮಗೆ ತಿಳಿಯುತ್ತದೆ.

ಹದಿನೈದು. ಇಳಿಯುತ್ತೀರಿ. ರಾಗ ನುಡಿಯುತ್ತಿದೆ, ನಿಜ, ಕುಣಿಯುವ ಹಾಗೇ ಇದೆ. ಪ್ಲಾಟ್‌ಫಾರ್ಮು ಇನ್ನೂರು ಮೀಟರಿಗಿಂತ ಉದ್ದ. ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸುತ್ತೀರಿ, ಜನ ಕರಗುವ ತನಕ ಕಾಯುತ್ತೀರಿ. ಕರಗಿದ ಮೇಲೆ ಕಾಣುವುದು ಬರಿಯ ಬೆಂಚು.

ಬಾಯಿ ಒಣಗುತ್ತದೆ. ಅಲ್ಲಿ ಇಳಿಯಬೇಕಿತ್ತು ಎನ್ನಲು ನಾಲಿಗೆ ಎತ್ತುತ್ತೀರಿ, ಮಗಳ ಮುಖ ನೋಡಿ ನುಂಗುತ್ತೀರಿ. ಆಗ ಆಕೆಯೇ ಎನ್ನುತ್ತಾಳೆ: ‘ಚಪ್ಪಲಿ ಬಿಟ್ಟ ಜಾಗ.’

ಮೆಟ್ಟಿಲು. ಎರಡೆರಡು ಒಟ್ಟಿಗೆ. ಮಂಡಿ ಕಳಚಿಬಿದ್ದರೂ ಸರಿ. ಕೊನೆಯ ತಿರುವು.

ದಿನವೂ ಹೊರಹೋಗುವ ಗೇಟಿನ ಒಳಬದಿಯಲ್ಲಿ, ಕಂಬಿಗೆ ಕೈ ಊರಿ, ಎಲೆಹಸಿರು ಸೀರೆ, ಮರೂನ್ ಸ್ವೆಟರು. ಪಕ್ಕದಲ್ಲಿ ಸಿಬ್ಬಂದಿ ತಂದಿಟ್ಟ ಕುರ್ಚಿ ಖಾಲಿಯಿದೆ. ಕುಳಿತರೆ ಮೆಟ್ಟಿಲು ಕಾಣುವುದಿಲ್ಲವೆಂದು ಅಮ್ಮ ನಿಂತೇ ಇದ್ದಾರೆ. ಕಿಟಕಿಯಾಚೆಯ ಯುವಕನ ಮೇಜಿನ ಮೇಲೆ, ಕಾಗದದ ಮೇಲೆ, ಎರಡು ಕೋಡುಬಳೆ.

ನಿಮಗೆ ಮಾತು ಹೊರಡುವುದಿಲ್ಲ. ಅಮ್ಮನಿಗೆ ಹೊರಡುತ್ತದೆ. ‘ಗಾಬರಿ ಬೀಳಬೇಡ ಅಂತ ಕೈ ಮಾಡಿದೆನಲ್ಲೋ! ಬೆವರು ನೋಡು. ಮೇಲೆ ನಿಲ್ಲೋಣ ಅಂದ್ರೆ ಅದು ಅಷ್ಟುದ್ದ ಇದೆ, ನೀನು ಯಾವ ಡಬ್ಬಿಯಿಂದ ಇಳೀತೀಯೋ ಯಾರಿಗೆ ಗೊತ್ತು. ಆಚೆ ಹೋಗೋದು ಮಾತ್ರ ಇಲ್ಲೇ ತಾನೆ?’ ಸೆರಗಿನಿಂದ ನಿಮ್ಮ ಹಣೆ ಒರೆಸುತ್ತಾರೆ. ಸೆರಗಿಗೆ ಇಂಗು, ಟ್ರಂಕಿನ ನುಸಿಗುಳಿಗೆ, ಮಳೆ ಮೂರರ ವಾಸನೆ. ‘ಅವಳೂ ಚಿನ್ನೂನೂ ಅಲ್ಲೇ ನಿಂತಿದಾರೆ ಅಲ್ವಾ? ಗೊತ್ತಿತ್ತು. ನೀನು ಓಡಿ ಬರ್ತೀಯ, ಅವಳು ಕಾಲೂರಿ ನಿಲ್ತಾಳೆ ಅಂತ. ಪುಟ್ಟೀನ ಕರ್ಕೊಂಡು ಬರ್ತೀಯೋ ಇಲ್ವೋ, ಅದೊಂದೇ ಅನುಮಾನ ಇತ್ತು.’

ಕೋಣೆಗೆ ಹೋಗಿ ಕುಳಿತಿರಿ ಎಂದರೆ ಅಮ್ಮ ಒಪ್ಪುವುದಿಲ್ಲ. ಮೂವರೂ ಮೇಲೆ ಹತ್ತಿ, ಎದುರು ಬದಿಯ ರೈಲು ಹಿಡಿಯುತ್ತೀರಿ. ಶಿಂಜುಕುವಿನಲ್ಲಿ ಇಳಿಯುವ ಪ್ಲಾಟ್‌ಫಾರ್ಮು ಬೇರೆ. ಮತ್ತೆ ಮೆಟ್ಟಿಲಿಳಿದು ಮೆಟ್ಟಿಲು ಹತ್ತಬೇಕು. ಅಮ್ಮನ ಮಂಡಿ ಹೆಜ್ಜೆಹೆಜ್ಜೆಗೂ ಲಟಕ್ ಎನ್ನುತ್ತದೆ. ಇಷ್ಟು ದಿನ ಅದು ನಿಮಗೆ ಕೇಳಿಸಿರಲಿಲ್ಲ.

ಹೆಂಡತಿ ಹೇಳಿದ ಗೆರೆಯ ಮೇಲೇ ಇದ್ದಾಳೆ. ಮಗ ಚೀಲದ ಮೇಲೆ ಕುಳಿತು ಹೋದ ರೈಲುಗಳನ್ನು ಎಣಿಸುತ್ತಿದ್ದಾನೆ. ಆಕೆ ನಿಮ್ಮನ್ನು ನೋಡುವುದೂ ಇಲ್ಲ, ನೇರ ಅಮ್ಮನ ಬಳಿ ಬರುತ್ತಾಳೆ.

‘ಗೇಟಿನ ಹತ್ರ ನಿಂತಿದ್ರಾ ಅತ್ತೆ?’

‘ಮತ್ತಿನ್ನೆಲ್ಲಿ ನಿಲ್ಲಲಿ?’

ಅಷ್ಟೆ. ಅತ್ತೆ ಸೊಸೆಯರ ಈ ಎರಡು ಸಾಲಿನ ಹಿಂದೆ ನೀವು ಆಫೀಸಿನಲ್ಲಿದ್ದ ಎಷ್ಟೋ ಮಧ್ಯಾಹ್ನಗಳಿವೆ. ಅಮ್ಮನೂ ಹೆಂಡತಿಯೂ ಒಂದೇ ಮನೆಯಲ್ಲಿ ಹೇಗೋ ಹೊಂದಿಕೊಂಡಿದ್ದಾರೆ ಎಂದು ನೀವು ತಿಳಿದಿದ್ದಿರಿ. ಅವರು ಗೆಳತಿಯರು.

ಆಮೇಲೆ ಆಕೆ ನಿಮ್ಮ ಮುಂದೆ ಕೈ ಚಾಚುತ್ತಾಳೆ. ನೀವು ಪೌಚು ಬಿಚ್ಚಿ ಕೊಡುತ್ತೀರಿ. ಜನ ಎರಡೂ ಬದಿಯಿಂದ ಹಾದುಹೋಗುತ್ತಿರುವಾಗ ಹಂಚಿಕೆ ನಡೆಯುತ್ತದೆ: ಅವರವರ ಪಾಸ್‌ಪೋರ್ಟು ಅವರವರಿಗೆ, ಹೋಟೆಲಿನ ವಿಳಾಸ ಒಂದೊಂದು ಚೀಟಿಯಲ್ಲಿ ಬರೆದು ಎಲ್ಲರ ಕಿಸೆಗೆ, ವೈಫೈ ಮಗಳಿಗೆ, ಅಮ್ಮನ ಫೋನು ಅಮ್ಮನ ಕೊರಳಿಗೆ. ಪೌಚಿನ ಪಟ್ಟಿ ಒತ್ತಿದ ಕಡೆ ಚರ್ಮ ತುರಿಸುತ್ತಿದೆ.

‘ನಂಗೆ ದುಡ್ಡು?’ ಎನ್ನುತ್ತಾನೆ ಮಗ. ‘ನಾನೂ ಕಳೆದುಹೋದರೆ? ಸಾವಿರ ಯೆನ್ ಬೇಕು.’

ನೀವು ಬಾಯಿ ತೆರೆಯುವ ಮೊದಲೇ ಅಮ್ಮ ತೀರ್ಮಾನ ಕೊಡುತ್ತಾರೆ: ‘ಐನೂರು ಸಾಕು ಅವನಿಗೆ. ಐನೂರರದ್ದು ಇಲ್ಲಿ ನಾಣ್ಯವೇ ಬರುತ್ತೆ. ನೋಟು ಕೊಟ್ರೆ ರಾಕೆಟ್ ಮಾಡ್ತಾನೆ.’