ಇಳಿವಯಸ್ಸಿನಲ್ಲಿ ಓಟ

ಓಡುವುದು ಹುಡುಗರಿಗೂ ಕುದುರೆಗಳಿಗೂ ಸಲ್ಲತಕ್ಕ ಕೆಲಸವೆಂಬ ಭಾವನೆ ನಮ್ಮ ಸಮಾಜದಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಅರವತ್ತು ದಾಟಿದವನಿಗೆ ಗಾಂಭೀರ್ಯವೇ ಭೂಷಣ. ಅವನು ಸಂಜೆ ಕೊಡೆ ಹಿಡಿದು ನಾಲ್ಕು ಹೆಜ್ಜೆ ತಿರುಗಾಡಿ ಬಂದರೆ ಲೋಕ ಮೆಚ್ಚುತ್ತದೆ; ಓಡಿದನೆಂದರೆ ಬಸ್ಸು ತಪ್ಪಿತೋ, ಬುದ್ಧಿ ತಪ್ಪಿತೋ ಎಂದು ಸಂದೇಹಪಡುತ್ತದೆ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾಗಿ ಈಗ ಅರವತ್ತಾರನೆಯ ವಯಸ್ಸಿನಲ್ಲಿರುವ ನಾನು, ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ಐದು ವರ್ಷಗಳಿಂದ ಮೆಲ್ಲಗೆ ಓಡುತ್ತಿದ್ದೇನೆ. “ಏನು ಮೇಷ್ಟ್ರೇ, ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರೆಯೇ?” ಎಂದು ಪರಿಚಿತರು ಕೇಳುವುದುಂಟು. ಪ್ರಶ್ನೆ ಹಾಸ್ಯದ್ದಾದರೂ ಉತ್ತರ ಹಾಸ್ಯದ್ದಲ್ಲ. ಅಟ್ಟಿಸಿಕೊಂಡು ಬರುತ್ತಿರುವುದು ಮುಪ್ಪು. ಅದರ ಕೈಯಿಂದ ತಪ್ಪಿಸಿಕೊಂಡವರು ಯಾರೂ ಇಲ್ಲ. ಆದರೆ ಸಿಕ್ಕಿಬೀಳುವ ಸ್ಥಳವನ್ನು ಸ್ವಲ್ಪ ಮುಂದಕ್ಕೆ ಹಾಕಿಕೊಳ್ಳುವುದು ಅಸಾಧ್ಯವಲ್ಲವೆಂದು ತೋರುತ್ತದೆ.

ಈ ಅಭ್ಯಾಸಕ್ಕೆ ಕಾರಣವಾದ ಸಂಗತಿಯನ್ನು ಹೇಳಬೇಕು. ನನ್ನೊಡನೆ ಪಾಠ ಹೇಳುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ನಿವೃತ್ತರಾದ ಮೇಲೆ ಹತ್ತು ವರ್ಷ ಗ್ರಂಥಗಳ ನಡುವೆ ಕುರ್ಚಿಯಲ್ಲಿಯೇ ಕಳೆದರು. ಒಂದು ದಿನ ಬಚ್ಚಲುಮನೆಯ ಹೊಸ್ತಿಲನ್ನು ಎಡವಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ನಡೆಯಿತು. ಆದರೆ ಎದ್ದು ನಿಲ್ಲುವುದಕ್ಕೆ ಬೇಕಾದ ಬಲ ಕಾಲುಗಳಲ್ಲಿ ಉಳಿದಿರಲಿಲ್ಲ. ನಾನು ನೋಡಲು ಹೋದಾಗ, “ಓದಿದ್ದೆಲ್ಲ ನೆನಪಿದೆಯಪ್ಪಾ, ನಡೆಯುವುದೊಂದು ಮಾತ್ರ ಮರೆತುಹೋಯಿತು” ಎಂದರು. ಅಂತಹ ವಿದ್ವಾಂಸರು ಒಂದು ಲೋಟ ನೀರಿಗೂ ಸೊಸೆಯನ್ನು ಕೂಗಬೇಕಾಯಿತು. ಕೂಗುವ ಮೊದಲು ಅವರು ಸಂಕೋಚದಿಂದ ಸುಮ್ಮನಿರುತ್ತಿದ್ದ ಆ ಎರಡು ಕ್ಷಣಗಳು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಆದರೆ ಪಾಠಶಾಲೆಯಲ್ಲಿ ಬೆಳೆದವನಿಗೆ ಲೋಕದ ನಗೆಗಿಂತ ಶಾಸ್ತ್ರದ ನಿಷೇಧವೇ ದೊಡ್ಡದು. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ವ್ಯಾಯಾಮದ ಗುಣಗಳನ್ನು ಹೊಗಳಿ, ಕೂಡಲೇ ಬಾಲಕರೂ ವೃದ್ಧರೂ ಅಜೀರ್ಣವುಳ್ಳವರೂ ಅದನ್ನು ಬಿಡತಕ್ಕದ್ದೆಂದು ವಿಧಿಸುತ್ತಾನೆ. ಹಾಗಾದರೆ ವೃದ್ಧನೆಂದರೆ ಯಾರು? ಚರಕನ ಎಣಿಕೆಯಲ್ಲಿ ಅರವತ್ತರವರೆಗೆ ಮಧ್ಯವಯಸ್ಸು, ಆಮೇಲೆ ಜೀರ್ಣಾವಸ್ಥೆ. ಸುಶ್ರುತನಾದರೋ ಎಪ್ಪತ್ತು ಕಳೆದವನನ್ನು ಮಾತ್ರ ವೃದ್ಧನೆನ್ನುತ್ತಾನೆ. ಆದುದರಿಂದ ನಾನು ಚರಕನ ಲೆಕ್ಕದಲ್ಲಿ ಆರು ವರ್ಷಗಳ ಹಿಂದೆಯೇ ಜೀರ್ಣನಾದವನು. ಸುಶ್ರುತನ ಲೆಕ್ಕದಲ್ಲಿ ಇನ್ನೂ ನಾಲ್ಕು ವರ್ಷ ಮಧ್ಯವಯಸ್ಕನು. ಇಬ್ಬರೂ ಆಚಾರ್ಯರೇ ಆಗಿರುವಾಗ, ಅನುಕೂಲವಾದ ಪಕ್ಷವನ್ನು ಹಿಡಿಯುವುದಕ್ಕೆ ವಾಚಕರು ಅಡ್ಡಿಮಾಡಲಾರರೆಂದು ನಂಬಿದ್ದೇನೆ.

ತಮಾಷೆ ಹಾಗಿರಲಿ. ವ್ಯಾಯಾಮಶೀಲನನ್ನು ಮುಪ್ಪು ಸುಲಭವಾಗಿ ಹಿಡಿಯಲಾರದೆಂಬುದೂ ಆ ಸುಶ್ರುತನದೇ ಅಭಿಪ್ರಾಯ. ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರ ಇವುಗಳನ್ನು ಪರೀಕ್ಷಿಸಿಕೊಂಡು ವ್ಯಾಯಾಮ ಮಾಡಬೇಕೆಂದು ಅವನು ಹೇಳುತ್ತಾನೆ. ಅಂದಮೇಲೆ ಪ್ರಶ್ನೆ ಮಾಡಬೇಕೋ ಬಾರದೋ ಎಂಬುದಲ್ಲ, ಎಷ್ಟು ಮಾಡಬೇಕೆಂಬುದು. ಇದಕ್ಕೆ ಪ್ರಾಚೀನರು ಕೊಟ್ಟ ಉತ್ತರ ‘ಅರ್ಧಶಕ್ತಿ’. ನಮ್ಮಲ್ಲಿರುವ ಬಲದ ಅರ್ಧವನ್ನು ಮಾತ್ರ ವ್ಯಯಮಾಡಿ ನಿಲ್ಲಿಸಬೇಕು. ಎದೆಯಲ್ಲಿರುವ ಉಸಿರು ಬಾಯಿಗೆ ಬಂದಿತೆಂದರೆ ಆ ಅರ್ಧ ಮುಗಿಯಿತೆಂದು ತಿಳಿಯಬೇಕು. ಮಿತಿಮೀರಿದವನಿಗೆ ವಾಗ್ಭಟನು ಕೊಡುವ ಹೋಲಿಕೆಯೆಂದರೆ, ಆನೆಯನ್ನು ಎಳೆಯಲು ಹೋಗಿ ತಾನೇ ಅಳಿಯುವ ಸಿಂಹ. ಚಳಿಗಾಲ ಮತ್ತು ವಸಂತಗಳಲ್ಲಿ ಅರ್ಧಶಕ್ತಿ, ಉಳಿದ ಋತುಗಳಲ್ಲಿ ಇನ್ನೂ ಮಂದವೆಂಬುದೂ ಅವನ ವಿಧಿಯೇ.

ಆಶ್ಚರ್ಯದ ಸಂಗತಿಯೆಂದರೆ, ನಮ್ಮ ಕಾಲದ ವಿಜ್ಞಾನವೂ ಹೆಚ್ಚುಕಡಮೆ ಇದೇ ಸ್ಥಳಕ್ಕೆ ಬಂದು ನಿಂತಿದೆ. ಜಪಾನಿನ ಫುಕುವೋಕ ವಿಶ್ವವಿದ್ಯಾನಿಲಯದ ಹಿರೋಅಕಿ ತನಕ ಎಂಬ ಪ್ರಾಧ್ಯಾಪಕರು ನಿಧಾನದ ಓಟವೊಂದನ್ನು ಪ್ರಚಾರಕ್ಕೆ ತಂದರು. ಮುಖದಲ್ಲಿ ಮುಗುಳುನಗೆ ಉಳಿದಿರುವಷ್ಟು, ಪಕ್ಕದವರೊಡನೆ ಮಾತನಾಡಲು ಆಗುವಷ್ಟು ವೇಗದಲ್ಲಿ ಚಿಕ್ಕ ಚಿಕ್ಕ ಹೆಜ್ಜೆಯಿಟ್ಟು ಓಡುವುದೇ ಆ ಪದ್ಧತಿಯ ಸಾರ. ಬಿರುಸಾಗಿ ನಡೆಯುವವರು ನಮ್ಮನ್ನು ಹಿಂದಿಕ್ಕಿ ಹೋದರೂ ಚಿಂತೆಯಿಲ್ಲ. ನಾನು ನನಗಾಗಿ ಇನ್ನೊಂದು ಅಳತೆಯನ್ನು ಕಂಡುಕೊಂಡಿದ್ದೇನೆ. ಓಡುತ್ತ ಮನಸ್ಸಿನಲ್ಲಲ್ಲ, ಬಾಯಿಬಿಟ್ಟು ಅಮರಕೋಶವನ್ನು ಹೇಳಿಕೊಳ್ಳುತ್ತೇನೆ. ಅರ್ಧಶ್ಲೋಕ ಒಂದು ಉಸಿರಿನಲ್ಲಿ ಮುಗಿದರೆ ವೇಗ ಸರಿ. ನಡುವೆ ತುಂಡಾದರೆ ಹೆಜ್ಜೆಯನ್ನು ತಗ್ಗಿಸುತ್ತೇನೆ. ಕೆರೆಯ ಹೆಜ್ಜಾರ್ಲೆಗಳಿಗೆ ಇದರಿಂದ ಯಾವ ಬೇಸರವೂ ಆದಂತೆ ಕಾಣಲಿಲ್ಲ.

ಓಟದಿಂದ ಮೊಣಕಾಲು ಸವೆಯುತ್ತದೆಯೆಂಬ ಭಯ ಹಲವರಿಗಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವೈದ್ಯರು 1984ರಲ್ಲಿ, ಐವತ್ತು ತುಂಬಿದ 538 ಮಂದಿ ಓಟಗಾರರನ್ನೂ 423 ಮಂದಿ ಇತರರನ್ನೂ ಆರಿಸಿಕೊಂಡು, ವರ್ಷವರ್ಷವೂ ವಿಚಾರಿಸುತ್ತ ಬಂದು, 2008ರಲ್ಲಿ ಫಲವನ್ನು ಪ್ರಕಟಿಸಿದರು. 19 ವರ್ಷಗಳು ಕಳೆಯುವಷ್ಟರಲ್ಲಿ ಇತರರಲ್ಲಿ ನೂರಕ್ಕೆ 34 ಮಂದಿಯೂ ಓಟಗಾರರಲ್ಲಿ ನೂರಕ್ಕೆ 15 ಮಂದಿಯೂ ತೀರಿಕೊಂಡಿದ್ದರು. ಉಡುವುದು, ಏಳುವುದು, ನಡೆಯುವುದು ಮೊದಲಾದ ನಿತ್ಯಕರ್ಮಗಳಲ್ಲಿ ಪರಾಧೀನತೆಯೂ ಓಟಗಾರರಿಗೆ ಬಹಳ ತಡವಾಗಿ ಬಂದಿತು. ಅದೇ ವೈದ್ಯರು ಮೊಣಕಾಲುಗಳ ಕ್ಷಕಿರಣ ಚಿತ್ರಗಳನ್ನು ಹೋಲಿಸಿ ನೋಡಿದಾಗ ಓಟಗಾರರಲ್ಲಿ ಸವೆತ ಹೆಚ್ಚಾಗಿರಲಿಲ್ಲ. ಮೊದಲೇ ಆರೋಗ್ಯವಂತರಾದವರೇ ಓಟಕ್ಕೆ ಬರುತ್ತಾರೆಂಬ ಆಕ್ಷೇಪ ಇಲ್ಲಿ ನ್ಯಾಯವಾದದ್ದೇ. ಎಲ್ಲ ಶ್ರೇಯಸ್ಸನ್ನೂ ಓಟಕ್ಕೇ ಕಟ್ಟುವುದು ತರ್ಕಸಮ್ಮತವಲ್ಲ. ಆದರೆ ಓಟವು ಮುದುಕರನ್ನು ಕೆಡಿಸುತ್ತದೆಯೆಂಬ ವಾದ ಮಾತ್ರ ಇದರ ಮುಂದೆ ನಿಲ್ಲಲಾರದು.

ಪಂಜಾಬಿನ ಫೌಜಾ ಸಿಂಗರು ಮಗನನ್ನು ಕಳೆದುಕೊಂಡ ದುಃಖದಲ್ಲಿ, ಎಂಬತ್ತು ದಾಟಿದ ಮೇಲೆ ಓಟವನ್ನು ಹಿಡಿದವರು. 2011ರಲ್ಲಿ ಟೊರಾಂಟೊ ನಗರದ ಮ್ಯಾರಥಾನಿನ 42 ಕಿಲೋಮೀಟರಿಗೂ ಮೀರಿದ ದೂರವನ್ನು ಎಂಟು ಗಂಟೆಗಳಿಗಿಂತ ಸ್ವಲ್ಪ ಹೆಚ್ಚು ಕಾಲದಲ್ಲಿ ಮುಗಿಸಿದರು. ಆಗ ಅವರಿಗೆ ನೂರು ವರ್ಷವೆಂದು ಹೇಳುತ್ತಾರೆ. ಜನನಪತ್ರವಿಲ್ಲದುದರಿಂದ ಗಿನ್ನೆಸ್ ದಾಖಲೆಯವರು ಒಪ್ಪಲಿಲ್ಲ. 2025ರ ಜುಲೈಯಲ್ಲಿ ಅವರು ಸತ್ತದ್ದು ಮುಪ್ಪಿನಿಂದಲ್ಲ, ರಸ್ತೆಯಲ್ಲಿ ವಾಹನ ಬಡಿದು. ಮಾನ್ ಕೌರ್ ಎಂಬ ವೃದ್ಧೆ 93ರಲ್ಲಿ ಓಡಲು ತೊಡಗಿ, 2017ರಲ್ಲಿ ಆಕ್ಲೆಂಡಿನಲ್ಲಿ 101ರ ವಯಸ್ಸಿನಲ್ಲಿ 100 ಮೀಟರಿನ ಚಿನ್ನದ ಪದಕವನ್ನು ಪಡೆದರು. ಆ ವಯೋವರ್ಗದಲ್ಲಿ ಅವರೊಬ್ಬರೇ ಇದ್ದರು. ಅಲ್ಲಿಯವರೆಗೆ ಬಂದು ನಿಂತದ್ದೇ ಗೆಲುವಲ್ಲವೆ! ಇವರು ಅಪವಾದಗಳು, ನಿಯಮಗಳಲ್ಲ. ಇವರನ್ನು ಅನುಕರಿಸಬೇಕಾಗಿಲ್ಲ, ನೆನೆದು ಧೈರ್ಯ ತಂದುಕೊಂಡರೆ ಸಾಕು.

ಹೊಸದಾಗಿ ತೊಡಗುವವರಿಗೆ ಎರಡು ಮಾತು. ರಕ್ತದೊತ್ತಡ, ಸಕ್ಕರೆ, ಹೃದಯ ಇವುಗಳನ್ನು ಮೊದಲು ವೈದ್ಯರಿಗೆ ತೋರಿಸತಕ್ಕದ್ದು. ಕೆಲವು ವಾರ ಬರಿಯ ನಡಿಗೆ. ಬಳಿಕ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಕಲ್ಲುಹಾಸಿಗಿಂತ ಮಣ್ಣಿನ ದಾರಿ ಮೇಲು. ಎದೆಯಲ್ಲಿ ನೋವೋ ತಲೆಸುತ್ತೋ ಕಂಡರೆ ಆ ಕ್ಷಣದಲ್ಲಿಯೇ ನಿಂತು ವೈದ್ಯರಲ್ಲಿಗೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮವನ್ನೋ, 75ರಿಂದ 150 ನಿಮಿಷ ಹೆಚ್ಚಿನ ಶ್ರಮವನ್ನೋ ವಿಧಿಸಿದೆ; ಅರವತ್ತೈದು ತುಂಬಿದವರು ವಾರಕ್ಕೆ ಮೂರು ದಿನವಾದರೂ ಬಲಕ್ಕೂ ಸಮತೋಲಕ್ಕೂ ಬೇಕಾದ ಅಭ್ಯಾಸವನ್ನು ಸೇರಿಸಿಕೊಳ್ಳಬೇಕೆಂದಿದೆ. ಓಟವೊಂದೇ ಸಾಲದು. ಆದುದರಿಂದ ನಾನು ಕೈಯೂರದೆ ಮಣೆಯಿಂದ ಹತ್ತು ಸಲ ಎದ್ದು ಕೂಡುತ್ತೇನೆ. ಗೋಡೆಯ ಪಕ್ಕದಲ್ಲಿ ಒಂಟಿಕಾಲಿನಲ್ಲಿ ನಿಲ್ಲುತ್ತೇನೆ. ಹಾಗೆ ನಿಂತಾಗ ಮೊಮ್ಮಗಳು ನನ್ನನ್ನು ಕೊಕ್ಕರೆಯೆಂದು ಕರೆಯುತ್ತಾಳೆ, ಸಹಿಸಿಕೊಂಡಿದ್ದೇನೆ.

ಪಾಣಿನೀಯ ಧಾತುಪಾಠದಲ್ಲಿ ‘ಧಾವು’ ಎಂಬ ಧಾತುವಿಗೆ ಗತಿ, ಶುದ್ಧಿ ಎಂದು ಎರಡು ಅರ್ಥಗಳು. ಓಡುವ ಧಾವನವೂ ಹಲ್ಲುಜ್ಜುವ ದಂತಧಾವನವೂ ಒಂದೇ ಮೂಲದವು. ಬಾಲ್ಯದಲ್ಲಿ ಇದನ್ನು ಬಾಯಿಪಾಠ ಮಾಡಿದಾಗ ಇವೆರಡಕ್ಕೂ ಏನು ನಂಟೆಂದು ತಿಳಿಯಲಿಲ್ಲ, ಈಗ ತಿಳಿಯುತ್ತಿದೆ. ಹಲ್ಲುಜ್ಜಿದೆನೆಂದು ಯಾರೂ ಹೆಮ್ಮೆಪಡುವುದಿಲ್ಲ, ಒಂದೇ ದಿನ ವಾರಕ್ಕಾಗುವಷ್ಟು ಉಜ್ಜುವುದೂ ಇಲ್ಲ. ಓಟವೂ ಹಾಗೆಯೇ ಸ್ವಲ್ಪವಾಗಿ, ತಪ್ಪದೆ, ಸದ್ದಿಲ್ಲದೆ ನಡೆಯಬೇಕಾದ ನಿತ್ಯವಿಧಿ.

ಇದರಿಂದ ಆಯುಸ್ಸು ಎಷ್ಟು ಬೆಳೆಯುವುದೆಂದು ನಾನು ಲೆಕ್ಕಹಾಕುವುದಿಲ್ಲ. ದೈನ್ಯವಿಲ್ಲದ ಬದುಕನ್ನು ಕೊಡೆಂದು ನಮ್ಮ ಹಿರಿಯರು ದೇವರನ್ನು ಬೇಡುತ್ತಿದ್ದರು, ನಾವೂ ಬೇಡುತ್ತೇವೆ. ಕೊಡುವವನು ಅವನೇ ಸರಿ. ಆದರೆ ಬಾಯಾರಿದಾಗ ಎದ್ದುಹೋಗಿ ನೀರು ಕುಡಿಯಲು ಬೇಕಾದ ಕಾಲ್ಬಲವನ್ನು ಕಾಪಾಡಿಕೊಳ್ಳುವ ಭಾರವನ್ನು ಅವನು ನಮಗೇ ಬಿಟ್ಟಿರುವಂತೆ ಕಾಣುತ್ತದೆ.