ಒಂದು ನಿಮಿಷದ ಪರೀಕ್ಷೆ

ಚೆಂಬೂರಿನಿಂದ ಬಸ್ಸು ಹತ್ತಿ ಕಣ್ಣು ಮುಚ್ಚಿದ್ದರೂ ಮಾಹುಲ್ ಬಂತೆಂದು ಮೂಗೇ ಹೇಳುತ್ತದೆ. ನಮ್ಮ ಲ್ಯಾಬಿನ ನಿಯರ್ ಇನ್‌ಫ್ರಾರೆಡ್ ಯಂತ್ರಕ್ಕೆ ಮೂಗಿಲ್ಲ. ಪೆಟ್ರೋಲಿನ ಸಣ್ಣ ಸೀಸೆಯೊಳಗೆ ಕಣ್ಣಿಗೆ ಕಾಣದ ಬೆಳಕು ಹಾಯಿಸಿ, ಇಂಗಾಲ-ಜಲಜನಕದ ಬಂಧಗಳು ಎಷ್ಟು ಹೀರಿಕೊಂಡವೆಂದು ನೋಡಿ, ನಿಮಿಷದಲ್ಲಿ ಆಕ್ಟೇನ್ ಅಂದಾಜು ಕೊಡುತ್ತದೆ. ಅಂದಾಜು ಅಷ್ಟೇ. ನಾಕ್ ಎಂಜಿನ್ನಿನಲ್ಲಿ ಅಳೆದ ಮಾದರಿಗಳೇ ಅದಕ್ಕೆ ಪಾಠ. ಪಾಠದಲ್ಲಿಲ್ಲದ ಬೆರಕೆ ಬಂದರೆ ತಡವರಿಸುತ್ತದೆ.

"ಇಷ್ಟು ಬೇಗ ಗೊತ್ತಾಗೋದಾದ್ರೆ ಕಲಬೆರಕೆ ಯಾಕೆ ನಿಂತಿಲ್ಲ ಸರ್?" ಎಂದಳು ಹೊಸದಾಗಿ ಸೇರಿದ ಹುಡುಗಿ.

"ಸೀಸೆ ತುಂಬಿಸೋಕೆ ಬಂಕಿಗೆ ಯಾರಾದ್ರೂ ಹೋಗ್ಬೇಕಲ್ಲಮ್ಮ" ಎಂದೆ.

ಕೆ.ಜಿ.ಎಫ್.ನ ಮಂಜುನಾಥ್ ನೆನಪಾಗಿದ್ದರು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ ಇಂಡಿಯನ್ ಆಯಿಲ್ ಸೇರಿದವರು. ಕಲಬೆರಕೆ ಬಂಕಿಗೆ ಬೀಗ ಹಾಕಿಸಿ, ಮತ್ತೆ ತಪಾಸಣೆಗೆ ಹೋದಾಗ, 2005ರ ನವೆಂಬರ್ 19ರಂದು ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಗುಂಡಿಟ್ಟು ಕೊಂದರು. ಆಗವರಿಗೆ 27. ಈ ಹುಡುಗಿಗೂ ಹೆಚ್ಚುಕಡಿಮೆ ಅಷ್ಟೇ.